ಆ ಕಡೆಯ ಮುಖ

ನನ್ನ ಮೇಜಿನ ಎದುರಿನ ಗೋಡೆಯಲ್ಲಿ ಒಬ್ಬ ಹೆಂಗಸಿನ ಚಿತ್ರವಿದೆ. ಎರಡು ಅಂಗೈ ಜೋಡಿಸಿದರೆ ಮುಚ್ಚಿಹೋಗುವಷ್ಟು ಚಿಕ್ಕದು. ಅವಳು ನನ್ನನ್ನು ನೋಡುವುದಿಲ್ಲ. ಎಡಕ್ಕೆ ತಿರುಗಿ ಕಿಟಕಿಯ ಕಡೆ ಮುಖ ಮಾಡಿದ್ದಾಳೆ. ನೀಳ ಮೂಗು, ಸ್ವಲ್ಪ ಒಳಗೆ ಎಳೆದುಕೊಂಡ ಕೆಳತುಟಿ, ತುಂಬಿದ ಗದ್ದ. ಎತ್ತಿ ಕಟ್ಟಿದ ತುರುಬು, ಕಿವಿಯ ಪಕ್ಕ ಇಳಿಬಿದ್ದ ಗುಂಗುರು, ಕಿವಿಯಲ್ಲಿ ಒಂದು ಮುತ್ತು. ಇದು ಕೈಯಲ್ಲಿ ಬರೆದದ್ದಲ್ಲ, ಅಚ್ಚು. ಮುನ್ನೂರು ವರ್ಷಕ್ಕೂ ಹಿಂದೆ ಯುರೋಪಿನ ಯಾವುದೋ ಊರಲ್ಲಿ ಒಬ್ಬ ಕೆತ್ತನೆಗಾರ ತಾಮ್ರದ ತಗಡಿನ ಮೇಲೆ ಉಕ್ಕಿನ ಮೊನೆಯಿಂದ ಗೆರೆ ಕೊರೆದು, ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದವನ್ನು ಅದರ ಮೇಲೆ ಒತ್ತಿ ತೆಗೆದದ್ದು. ಕೆನ್ನೆಯ ಮೇಲೆ ಒಂದೂ ಅಡ್ಡಗೆರೆ ಇಲ್ಲ. ಪಕ್ಕಪಕ್ಕದಲ್ಲಿ ಓಡುವ ಗೆರೆಗಳು ದಪ್ಪವಾಗುತ್ತ ಸಣ್ಣವಾಗುತ್ತ ಹೋಗಿ ಮಾಂಸವಾಗುತ್ತವೆ.

ಕಾಗದವನ್ನು ಬೆಳಕಿಗೆ ಹಿಡಿದರೆ ಒಳಗೆ ಜರಡಿಯಂಥ ಗೆರೆಗಳೂ ಅರ್ಧ ದ್ರಾಕ್ಷಿ ಗೊಂಚಲಿನ ಗುರುತೂ ಕಾಣುತ್ತವೆ. ಬರೋಕ್ ಕಾಲದ್ದು, ಅಂದರೆ ಹದಿನೇಳನೇ ಶತಮಾನದ ಸುಮಾರಿನದು, ಎಂದು ಹೇಳಲು ಕಾಗದ, ಗೆರೆ, ತುರುಬು ಇಷ್ಟು ಸಾಕು. ಯಾರ ಮುಖ ಎಂದು ಹೇಳಲು ಸಾಕಾಗುವುದಿಲ್ಲ. ಅವಳ ಹೆಸರೂ ಕೆತ್ತಿದವನ ಹೆಸರೂ ಇದ್ದಿರಬಹುದಾದ ಕೆಳಗಿನ ಪಟ್ಟಿಯನ್ನು ಯಾರೋ ಚೌಕಟ್ಟಿಗೆ ಕೂರಲೆಂದು ಕತ್ತರಿಸಿ ಎಸೆದಿದ್ದಾರೆ.

ಚಿತ್ರವನ್ನು ತಂದವಳು ನನ್ನ ಅತ್ತೆ, ಅಪ್ಪನ ತಂಗಿ. ಅವಳು ಕೊಂಡದ್ದು ಚಿತ್ರವನ್ನಲ್ಲ, ಚೌಕಟ್ಟನ್ನು. ಸುಂಟಿಕೊಪ್ಪದ ಕಡೆಯ ಒಂದು ಹಳೇ ಎಸ್ಟೇಟ್ ಬಂಗಲೆ ಹೋಂಸ್ಟೇ ಆಗುವಾಗ ಅಲ್ಲಿನ ಸಾಮಾನೆಲ್ಲ ಕುಶಾಲನಗರದ ಗುಜರಿ ಅಂಗಡಿಗೆ ಬಂದಿತ್ತು. ಬೀಟೆ ಮರದ ಚೌಕಟ್ಟು, ಗಾಜು ಒಡೆದಿಲ್ಲ. ತನ್ನ ಮದುವೆಯ ಫೋಟೊ ಹಾಕಲು ಸರಿಯಾಗಿದೆ ಎಂದು ತಂದು, ಹಿಂದಿನ ಮೊಳೆ ಕಿತ್ತು, ಒಳಗಿದ್ದ ಹೆಂಗಸನ್ನು ನನ್ನ ಕೈಗಿಟ್ಟಳು. "ತಗಾ. ಚಿತ್ರ ಓದಕ್ಕೆ ಅಂತ ಮೈಸೂರಿಗೆ ಹೋಗಿದ್ದೆಯಲ್ಲ, ಇದನ್ನ ಓದು." ನಾನು ಬೇರೆ ಚೌಕಟ್ಟು, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದೆ.

ನಾನು ಮೈಸೂರಿನಲ್ಲಿ ಕಲಾ ಇತಿಹಾಸ ಓದಿ ಬಂದು ಕುಶಾಲನಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಈಗಲೂ ಅದೇ ಕೆಲಸ. ನಮ್ಮ ತಾತ ಹಾಸನದ ಕಡೆಯಿಂದ ಇಲ್ಲಿಗೆ ಬಂದು ನೆಲೆನಿಂತವರು. ಅಪ್ಪನದು ಗದ್ದೆ, ಶುಂಠಿ. ಅತ್ತೆಯನ್ನು ಕೊಟ್ಟದ್ದು ಸ್ವಲ್ಪ ಮೇಲಕ್ಕೆ, ಕಾಫಿ ಇರುವ ಕಡೆಗೆ. ಬಸ್ಸಿನಲ್ಲಿ ಅರ್ಧ ಗಂಟೆ.

ಅತ್ತೆಯ ಎಡಗಣ್ಣಿಗೆ ಹೂವು ಬಿದ್ದಿದೆ. ಮದುವೆಯಾದ ಹೊಸತರಲ್ಲಿ ತಮ್ಮ ತೋಟದಲ್ಲೇ ಹಣ್ಣು ಕುಯ್ಯುವಾಗ, ಬಗ್ಗಿಸಿ ಹಿಡಿದಿದ್ದ ಕಾಫಿ ರೆಕ್ಕೆ, ಅಂದರೆ ಅಡ್ಡಗೊಂಬೆ, ಕೈಜಾರಿ ಚಾಟಿಯ ಹಾಗೆ ಬಂದು ಕಣ್ಣಿಗೆ ಹೊಡೆಯಿತು. ಕಾಫಿ ಕೊಯ್ಲಿನಲ್ಲಿ ಇದು ಎಲ್ಲರಿಗೂ ಆಗುತ್ತದೆ. ಎರಡು ದಿನ ಕೆಂಪಾಗಿ ಇಳಿಯುತ್ತದೆ. ಇವಳದು ಇಳಿಯಲಿಲ್ಲ. ಎದೆಹಾಲು ಬಿಟ್ಟರು, ನಂದಿಬಟ್ಟಲ ರಸ ಬಿಟ್ಟರು. ಕೊಯ್ಲು ಮುಗಿಯಲಿ ಎಂದರು. ಅಪ್ಪ ವಿಷಯ ತಿಳಿದು ಹೋಗಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ಕರಿಗುಡ್ಡೆಯ ಮೇಲೆ ಗಂಜಿ ಹೆಪ್ಪುಗಟ್ಟಿದ ಹಾಗೆ ಬಿಳಿ ನಿಂತುಬಿಟ್ಟಿತು.

ಅಂದಿನಿಂದ ನಮ್ಮ ಮನೆಯ ಯಾವ ಫೋಟೊದಲ್ಲೂ ಅತ್ತೆಗೆ ಎರಡು ಕಣ್ಣಿಲ್ಲ, ಒಂದು ಮಾತ್ರ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲದರಲ್ಲೂ ಅವಳು ಸಾಲಿನ ಕೊನೆಗೆ, ಬಲಗೆನ್ನೆ ಕಾಣುವಂತೆ ನಿಂತಿದ್ದಾಳೆ. ಯಾರೂ ಹೀಗೇ ನಿಲ್ಲು ಎಂದು ಕಟ್ಟಪ್ಪಣೆ ಮಾಡಿದ್ದಲ್ಲ. ಫೋಟೊ ತೆಗೆಯುವವರಿಗೆ ಅದು ಮರ್ಯಾದೆ ಅನ್ನಿಸುತ್ತಿತ್ತು, ನಮಗೂ. ಪಕ್ಕಕ್ಕೆ ತಿರುಗಿದ ಹೆಂಗಸರನ್ನು ನಾನು ಬಾಲ್ಯದಿಂದ ನೋಡಿದ್ದು ನಮ್ಮ ಆಲ್ಬಮ್ಮಿನಲ್ಲಿ. ಆಮೇಲೆ ಓದಲು ಹೋದಾಗ ಹಳೆಯ ಅಚ್ಚುಚಿತ್ರಗಳಲ್ಲಿ.

ಕಳೆದ ಪಂಚಾಯಿತಿ ಚುನಾವಣೆಯಲ್ಲಿ ಅತ್ತೆಯ ವಾರ್ಡು ಮಹಿಳೆಯರಿಗೆ ಬಂತು. ಹಿಂದಿನ ಮೆಂಬರು ತನ್ನ ಹೆಂಡತಿಯನ್ನು ನಿಲ್ಲಿಸಿದ. ಆಕೆ ಅರ್ಜಿ ಹಾಕಿದ ದಿನವೇ ಸ್ತ್ರೀಶಕ್ತಿ ಸಂಘದ ಹೆಂಗಸರು ಅತ್ತೆಯ ಜಗಲಿಗೆ ಬಂದು ಕೂತರು. ಕಾರಣ ಒಂದು ದೀಪ. ಎಸ್ಟೇಟ್ ಕೆಲಸ ಮುಗಿಸಿ ಬರುವ ಹೆಂಗಸರು ಪಿಕಪ್‌ನಿಂದ ಇಳಿಯುವ ತಿರುವಿನಲ್ಲಿ ಸಂಜೆಯಾದರೆ ಕತ್ತಲೆ. ಆನೆ ದಾಟುವ ಜಾಗ. ಅಲ್ಲಿಗೊಂದು ಬೀದಿದೀಪ ಬೇಕೆಂದು ಅತ್ತೆ ಪಂಚಾಯಿತಿಗೆ ಅಲೆದು ಅಲೆದು ಹಾಕಿಸಿದ್ದಳು. ಅದು ಕೆಟ್ಟಾಗಲೆಲ್ಲ ಮತ್ತೆ ಹೋಗಿ ಕೂರುತ್ತಿದ್ದಳು.

"ನೀನು ನಿಲ್ಲಕ್ಕಾ," ಎಂದಳು ಎಸ್ಟೇಟ್ ಕೂಲಿಯವರ ಲೈನ್ ಮನೆಯ ಒಬ್ಬಾಕೆ. "ನೀನು ಮೆಂಬರಾದ್ರೆ ಅಲೆಯೋದು ತಪ್ಪುತ್ತೆ. ಅಲ್ಲೇ ಕೂತಿರಬಹುದು."

"ನಿಂತ್ರೆ ಏನಂತಾರೆ ಗೊತ್ತಾ?"

"ಏನಂತಾರೆ?"

"ಒಂದೇ ಕಣ್ಣಲ್ಲಿ ಊರು ನೋಡಕ್ಕೆ ಹೊರಟವಳೆ ಅಂತಾರೆ."

"ಎರಡು ಕಣ್ಣಿರೋರು ಇಷ್ಟು ದಿನ ನೋಡಿದ್ದಕ್ಕೇ ತಾನೆ ಚರಂಡಿ ಹಿಂಗಾಗಿರೋದು," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಮಾರನೆಯ ದಿನ ಅರ್ಜಿ ಹಾಕಿದಳು.

ಚುನಾವಣೆಯ ಗುರುತು ಹಂಚಿದ ದಿನ ಅತ್ತೆಗೆ ಹೊಲಿಗೆ ಯಂತ್ರ ಸಿಕ್ಕಿತು. ಆ ಸಂಜೆಯೇ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎದುರು ಪಾರ್ಟಿಯವನೊಬ್ಬ ನನಗೆ ಕೇಳಿಸುವ ಹಾಗೆ ಕೇಳಿದ: "ಯಾಕೆ, ಕನ್ನಡಕದ ಗುರ್ತು ಸಿಗಲಿಲ್ವಂತಾ?"

ನಾನು ಟೀ ಪೂರ್ತಿ ಕುಡಿದು ಎದ್ದೆ. ಹೇಳಬೇಕಾದ ಮಾತು ಹೊಳೆದದ್ದು ಬಸ್ಸಿನಲ್ಲಿ. ನನಗೆ ಯಾವಾಗಲೂ ಹಾಗೇ.

ಮುಂದಿನ ಕೆಲಸ ಕರಪತ್ರ. ಅದಕ್ಕೊಂದು ಮುಖ ಬೇಕು. ವಾರ್ಡಿನ ಒಂದೊಂದು ಮನೆಗೂ ಹೋಗುವ ಕಾಗದ. ಅದರಲ್ಲಿ ಅತ್ತೆಯ ಯಾವ ಮುಖ ಹೋಗಬೇಕು ಎಂಬುದೇ ನಮ್ಮ ಮನೆಯಲ್ಲಿ ಚುನಾವಣೆಗಿಂತ ದೊಡ್ಡ ಪ್ರಶ್ನೆಯಾಯಿತು. ಅಪ್ಪನಿಗೆ ತಂಗಿ ನಿಂತದ್ದೇ ಇಷ್ಟವಿರಲಿಲ್ಲ. ಅವಳನ್ನು ನೋಡಿ ಯಾರಾದರೂ ನಕ್ಕರೆ ಅದನ್ನು ತಾನು ನೋಡಬೇಕಾಗುತ್ತದಲ್ಲ ಎಂಬುದು ಅವರ ಸಂಕಟ.

"ಒಂದು ಕಪ್ಪು ಕನ್ನಡಕ ಹಾಕ್ಕೊಂಡು ತೆಗೆಸ್ಕೊ," ಎಂದರು. "ಆಪರೇಶನ್ ಆಗದೆ ಅನ್ಕೋತಾರೆ."

"ಅಣ್ಣಯ್ಯ, ಕಪ್ಪು ಕನ್ನಡಕ ಹಾಕ್ಕೊಂಡ್ರೆ ಎರಡೂ ಹೋಗವೆ ಅನ್ಕೋತಾರೆ."

"ಹಂಗಾದ್ರೆ ಮದುವೆಗೆ ಮುಂಚಿನ ಫೋಟೊ ಹಾಕು."

"ಅದ್ರಲ್ಲಿರೋಳಿಗೆ ವೋಟಿನ ವಯಸ್ಸೇ ಆಗಿರಲಿಲ್ಲ ಅನ್ನೋ ಹಂಗವಳೆ."

ಆಗ ನಾನು ಬಾಯಿ ಹಾಕಿದೆ. ಪಕ್ಕಕ್ಕೆ ತಿರುಗಿಸಿ ತೆಗೆಯೋಣ, ಆದರೆ ಮದುವೆ ಮನೆಯವರು ತೆಗೆದ ಹಾಗಲ್ಲ, ಸರಿಯಾಗಿ, ಎಂದೆ. ಅತ್ತೆಯನ್ನು ನನ್ನ ಕೋಣೆಯ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂರಿಸಿದೆ. ಹಿಂದೆ ಬೂದುಬಣ್ಣದ ಬೆಡ್‌ಶೀಟು ಕಟ್ಟಿದೆ. ಗದ್ದ ಸ್ವಲ್ಪ ಎತ್ತಿಸಿದೆ. ಬೆಳಕು ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿದು ಕುತ್ತಿಗೆಯ ಸರದ ಮೇಲೆ ನಿಂತಿತು. ಆ ಫೋಟೊ ಕೆಟ್ಟದ್ದೆಂದು ನಾನು ಈಗಲೂ ಒಪ್ಪುವುದಿಲ್ಲ. ಅದರಲ್ಲಿ ಅತ್ತೆ ಯಾರ ಕರುಣೆಯನ್ನೂ ಕೇಳುತ್ತಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಚೆನ್ನಾಗದೆ ಮಗ. ನಾನೇ ಅಂತ ಗೊತ್ತಾಗಕ್ಕೆ ಸ್ವಲ್ಪ ಹೊತ್ತು ಹಿಡೀತು." ಆಮೇಲೆ ತಲೆಯೆತ್ತಿ ಗೋಡೆಯ ಚಿತ್ರವನ್ನು ನೋಡಿದಳು. "ಇವಳ ಹಂಗೇ ಕೂರ್ಸಿದೀಯ."

"ಹೂಂ."

"ಇವಳಿಗೆ ಆ ಕಡೆ ಏನಾಗಿತ್ತು?"

ಚಿತ್ರ ನನ್ನ ಗೋಡೆಗೆ ಬಂದು ಮೂರು ವರ್ಷವಾಗಿತ್ತು. ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಏನೂ ಆಗಿರಲ್ಲ ಅತ್ತೆ. ಆಗ ದೊಡ್ಡವರ ಮುಖಾನ ಹಿಂಗೆ ಬರೀತಿದ್ರು. ನಾಣ್ಯದ ಮೇಲೆ ರಾಜನ ಮುಖ ಇರಲ್ವಾ, ಹಂಗೆ. ಅದೊಂದು ಗತ್ತು."

"ಎಲ್ಲಾರ್ನೂ ಹಿಂಗೇ ಬರೀತಿದ್ರಾ?"

ಸುಳ್ಳು ಹೇಳಲು ಬರಲಿಲ್ಲ. "ಇಲ್ಲ. ಆ ಕಾಲಕ್ಕೆ ಬಹಳ ಜನರದ್ದು ಮುಕ್ಕಾಲು ಮುಖ ಕಾಣೋ ಹಂಗೆ ಬರೀತಿದ್ರು. ಎರಡೂ ಕಣ್ಣು ಇರ್ತಿತ್ತು."

"ಹಂಗಾದ್ರೆ ಇವಳದ್ದು ಯಾಕೆ ಹಿಂಗೆ? ಸುಮ್ನೆ ಕೇಳ್ದೆ."

"ಗೊತ್ತಿಲ್ಲ," ಎಂದೆ. ಇನ್ನೂ ಒಂದು ವಿಷಯವಿತ್ತು, ಅದನ್ನೂ ಹೇಳಿದೆ. ತಗಡಿನಲ್ಲಿ ಕೊರೆದದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಬೀಳುತ್ತದೆ. ಕೆತ್ತನೆಗಾರ ತಿದ್ದಿಕೊಂಡಿಲ್ಲದಿದ್ದರೆ, ನಮಗೆ ಕಾಣುವ ಈ ಎಡಗೆನ್ನೆ ಅವಳ ಬಲಗೆನ್ನೆ. ಯಾವ ಕಡೆಯನ್ನು ಮರೆಮಾಡಿದ್ದಾರೆ ಎಂದು ಕೂಡ ಖಚಿತವಾಗಿ ಹೇಳಲಾಗುವುದಿಲ್ಲ.

ಅತ್ತೆ ಚಿತ್ರದ ಹತ್ತಿರ ಹೋಗಿ ಗಾಜಿಗೆ ಕೆನ್ನೆ ತಾಗುವಷ್ಟು ಬಾಗಿ, ಆ ಕಡೆ ಇಣುಕಲು ನೋಡುವವಳಂತೆ ನೋಡಿದಳು. ನಂತರ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ನಾಣ್ಯದ ರಾಜ ಮನೆ ಮನೆಗೆ ಹೋಗಿ ಬಾಗಿಲು ತಟ್ಟಲ್ಲ ಕಣೆ. ನಾನು ತಟ್ಟಬೇಕು. ಕಾಗದದಲ್ಲಿ ಹಿಂಗಿದ್ದು ಬಾಗಿಲಲ್ಲಿ ಹಂಗೆ ನಿಂತ್ರೆ, ಮೊದಲ್ನೇ ಸುಳ್ಳು ಹೊಸ್ತಿಲಲ್ಲೇ ಹೇಳ್ದಂಗಾಗುತ್ತೆ. ಎದುರಿಂದ ತೆಗಿ."

"ಅತ್ತೆ, ನಗ್ತಾರೆ."

"ನಗಲಿ. ಈಗೇನು ಅಳ್ತಾವರಾ?"

ಅತ್ತೆಯ ಮನೆಯ ಕಣದಲ್ಲಿ, ಮೋಡದ ಬೆಳಕಿನಲ್ಲಿ, ಕಾಫಿ ಒಣಗಿಸುವ ಜಾಗದ ನಡುವೆ ನಿಲ್ಲಿಸಿ ತೆಗೆದೆ. ನೇರ, ಕಿವಿಯಿಂದ ಕಿವಿಯವರೆಗೆ. ಬಲಗಣ್ಣು ನನ್ನ ಕ್ಯಾಮೆರಾವನ್ನು ನೋಡುತ್ತಿತ್ತು. ಎಡಗಣ್ಣು ಏನನ್ನೂ ನೋಡುತ್ತಿರಲಿಲ್ಲ, ಆದರೆ ಅಲ್ಲೇ ಇತ್ತು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಇಷ್ಟು ವರ್ಷಕ್ಕೆ ಒಂದು ಪೂರ್ತಿ ಫೋಟೊ ಆಯ್ತು," ಎಂದು ಹೇಳಿ ಒಳಗೆ ಹೋದರು. ಅತ್ತೆ ಪ್ರಚಾರಕ್ಕೆ ಹೊರಡುತ್ತ ನನಗೆ ಹೇಳಿದಳು: "ಪ್ರೆಸ್ಸಲ್ಲಿ ನೀನೇ ನಿಂತು ಮಾಡ್ಸು. ಅಣ್ಣಯ್ಯನ್ನ ನಂಬ್ಕೋಬೇಡ."

ಪ್ರೆಸ್ಸು ಕುಶಾಲನಗರದಲ್ಲಿ, ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ. ಮಾಲೀಕರೇ ಕಂಪ್ಯೂಟರಿನಲ್ಲಿ ಕೂತು ಡಿಸೈನ್ ಮಾಡುತ್ತಾರೆ. ಫೋನು ಬಂದರೆ ಮಲಯಾಳಂ, ಹೆಂಡತಿ ಊಟ ತಂದರೆ ಬ್ಯಾರಿ, ಗಿರಾಕಿಗಳಿಗೆ ಕನ್ನಡ. ಹಿಂದಿನ ದಿನ ಫೋಟೊ ಕೊಟ್ಟು ಬಂದಿದ್ದೆ. ಪ್ರೂಫ್ ನೋಡಲು ಹೋಗುವಾಗ ಅಪ್ಪನೂ ಜೊತೆಗೆ ಬಂದರು. ಪ್ರೂಫ್ ಪರದೆಯ ಮೇಲಿತ್ತು. ಹಸಿರು ಅಂಚು, ಹೊಲಿಗೆ ಯಂತ್ರ, ನಡುವೆ ಅತ್ತೆ, ಎರಡು ಕಣ್ಣಿನ ಅತ್ತೆ.

"ಹೆಂಗೆ ಮೇಡಮ್?" ಎಂದರು ಅವರು. "ಆ ಕಣ್ಣನ್ನೇ ಕಾಪಿ ಮಾಡಿ, ಉಲ್ಟಾ ಹೊಡೆದು, ಈ ಕಡೆ ಕೂರಿಸಿದೀನಿ. ಎಕ್ಸ್‌ಟ್ರಾ ಏನೂ ಬೇಡ. ಕಂಡುಹಿಡಿಯಕ್ಕೇ ಆಗಲ್ಲ."

"ನಾನು ಹಿಡಿದೆನಲ್ಲ."

"ನಿಮಗೆ ಗೊತ್ತು, ಅದಕ್ಕೆ."

ಗೊತ್ತಿದ್ದುದಕ್ಕಲ್ಲ. ಬಲಗಣ್ಣಿನ ಬೆಳಕಿನ ಚುಕ್ಕೆ ಮೂಗಿನ ಕಡೆಗಿತ್ತು. ತಿರುಗಿಸಿ ಅಂಟಿಸಿದ್ದರಿಂದ ಎಡಗಣ್ಣಿನದೂ ಮೂಗಿನ ಕಡೆಗೇ ಬಂದಿತ್ತು. ಒಂದೇ ಹೊತ್ತಿನಲ್ಲಿ ಎರಡು ದಿಕ್ಕಿಗೆ ಸೂರ್ಯ ಹುಟ್ಟಿದ ಹಾಗೆ. ಅದು ಒಬ್ಬ ಚೆಂದದ ಹೆಂಗಸಿನ ಮುಖವಾಗಿತ್ತು, ನಮ್ಮ ಮನೆಯವಳದ್ದಾಗಿರಲಿಲ್ಲ.

"ತೆಗೆಯಿರಿ," ಎಂದೆ.

"ಏನು?"

"ಆ ಕಣ್ಣು ತೆಗೆಯಿರಿ. ನಾನು ಕೊಟ್ಟ ಫೋಟೊ ಹಾಗೇ ಇರಲಿ."

ಅವರು ಕುರ್ಚಿ ತಿರುಗಿಸಿ ಅಪ್ಪನನ್ನು ನೋಡಿದರು. ಅಪ್ಪ ನನ್ನನ್ನು ನೋಡದೆ ಹೇಳಿದರು: "ಚೆನ್ನಾಗೇ ಬಂದದೆ ಬಿಡು. ಜನ ಅವಳನ್ನ ದಿನಾ ನೋಡ್ತಾನೇ ಅವರೆ. ಕಾಗದದಲ್ಲಾದ್ರೂ..."

"ಕಾಗದದಲ್ಲಾದ್ರೂ ಏನು ಅಪ್ಪ?"

ಅವರು ಕಿಟಕಿಯಾಚೆ ನೋಡಿದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಆಸ್ಪತ್ರೆಗೆ ತಡವಾದ ಆ ದಿನ ಅಲ್ಲಿತ್ತು. ಅದಕ್ಕೆ ಪರಿಹಾರವಾಗಿ ಒಂದು ಕಣ್ಣನ್ನು, ಬಣ್ಣದ ಕಾಗದದಲ್ಲಿಯಾದರೂ, ತಂಗಿಗೆ ಹಿಂತಿರುಗಿಸಬೇಕೆಂದಿದ್ದರು. ನನಗೆ ಅವರ ಮೇಲೆ ಮರುಕ ಬಂತು. ಆದರೂ ಬಿಡಲು ಆಗಲಿಲ್ಲ.

"ಮೇಡಮ್, ನನ್ನ ಕಷ್ಟ ಕೇಳಿ," ಎಂದರು ಪ್ರೆಸ್ಸಿನವರು. "ಚುನಾವಣೆ ಕಾಗದದ ಕೆಳಗೆ ಪ್ರೆಸ್ ಹೆಸರು ಹಾಕಲೇಬೇಕು, ರೂಲ್ಸು. ಇದು ಮನೆ ಮನೆಗೆ ಹೋಗುತ್ತೆ. ಇವನಿಗೆ ಒಂದು ಕಣ್ಣು ಸರಿ ಮಾಡಕ್ಕೂ ಬರಲ್ವಾ ಅಂತಾರೆ ಜನ. ಮದುವೆ ಫೋಟೊದಲ್ಲಿ ನಾನು ಹಲ್ಲು ಕೂರಿಸಿದೀನಿ, ಕೂದಲು ಕೂರಿಸಿದೀನಿ. ತೀರಿಹೋದ ಅಜ್ಜನ ತಂದು ಮೊಮ್ಮಗನ ಪಕ್ಕ ನಿಲ್ಲಿಸಿದೀನಿ. ಯಾರೂ ಇವತ್ತಿನವರೆಗೆ ತೆಗಿ ಅಂದಿಲ್ಲ."

ಅವರದ್ದು ಕೆಟ್ಟ ಬುದ್ಧಿಯಲ್ಲ, ಕೆಲಸದ ಅಭಿಮಾನ. ತಾಮ್ರದ ತಗಡಿನ ಮುಂದೆ ಕೂತ ಆ ಕೆತ್ತನೆಗಾರನೂ ಹೀಗೇ ಯೋಚಿಸಿರಬೇಕು ಎಂದು ನನಗೆ ಆಗ ಅನ್ನಿಸಿತು. ಮುಖವನ್ನು ತಿರುಗಿಸಿದರೆ ಅವನ ಕೈಗೂ ಹೆಸರು, ಮುಖದವಳಿಗೂ ಮಾನ, ಎಲ್ಲರಿಗೂ ಅನುಕೂಲ. ಅವಳನ್ನು ಯಾರಾದರೂ ಕೇಳಿದರೋ ಇಲ್ಲವೋ.

"ನಾವು ಕೇಳಿ ಬಂದಿದ್ದೇವೆ," ಎಂದೆ. ನನಗೆ ಜಗಳ ಬರುವುದಿಲ್ಲ. "ನಿಲ್ಲೋದು ಅವರು. ಮುಖ ಅವರದು. ಹೀಗೇ ಇರಲಿ ಅಂತ ಅವರೇ ಹೇಳಿದ್ದಾರೆ. ನೀವು ತೆಗೆಯೋವರೆಗೂ ನಾನು ಇಲ್ಲಿಂದ ಎದ್ದುಹೋಗಲ್ಲ. ಬೇರೆಯವರ ಕೆಲಸ ಇದ್ದರೆ ಮುಗಿಸಿಕೊಳ್ಳಿ."

ಅವರು ಒಬ್ಬರ ವಿಸಿಟಿಂಗ್ ಕಾರ್ಡು ಮುಗಿಸಿದರು, ಒಂದು ಗೃಹಪ್ರವೇಶದ ಕಾಗದ ಮುಗಿಸಿದರು. ಅಪ್ಪ ಕೆಳಗೆ ಹೋಗಿ ಬನ್ನು ತಿಂದು ಬಂದರು; ನನಗೂ ಒಂದು ತಂದು ಕೈಗಿಟ್ಟರು. ಕೊನೆಗೆ ಪ್ರೆಸ್ಸಿನವರು ಒಂದು ನಿಟ್ಟುಸಿರು ಬಿಟ್ಟು ಮೌಸು ಹಿಡಿದರು. ಕಣ್ಣು ಹೋಯಿತು. ಅತ್ತೆ ವಾಪಸು ಬಂದಳು.

"ನೋಡಿ, ಮತ್ತೆ ನನ್ನನ್ನ ಬೈಬಾರ್ದು."

"ಬೈಯೋರು ಬೈದ್ರೆ ನನ್ನ ಹತ್ರ ಕಳಿಸಿ," ಎಂದರು ಅಪ್ಪ. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಕರಪತ್ರ ಮನೆಗಳಿಗೆ ಹೋಯಿತು. ನಾಲ್ಕಾರು ಕಡೆ ನಾನೂ ಅತ್ತೆಯ ಜೊತೆ ಹೋದೆ. ಜನ ಕಾಗದವನ್ನು ನೋಡುತ್ತಿದ್ದರು, ಅತ್ತೆಯನ್ನು ನೋಡುತ್ತಿದ್ದರು, ಮತ್ತೆ ಕಾಗದವನ್ನು. ಕೆಲವರು ಪಾಪ ಎನ್ನುವ ಮುಖ ಮಾಡಿದರು. ಅಂಥವರಿಗೆ ಅತ್ತೆ, "ಪಾಪ ಇರ್ಲಿ, ವೋಟು ಹಾಕಿ," ಎನ್ನುತ್ತಿದ್ದಳು. ಒಬ್ಬ ಮುದುಕಿ ಕಾಗದದಲ್ಲಿನ ಎಡಗಣ್ಣಿನ ಮೇಲೆ ಬೆರಳಿಟ್ಟು, ಇದು ಹೇಗಾಯಿತು ಎಂದು ನೇರವಾಗಿ ಕೇಳಿದಳು. ಅತ್ತೆ ಹೇಳಿದಳು. ಮುದುಕಿ ತನ್ನ ಮೊಣಕೈ ಮಡಚಿ, ಅಲ್ಲಿದ್ದ ಹಳೇ ಕತ್ತಿಯ ಗಾಯ ತೋರಿಸಿದಳು. ಅರ್ಧ ಗಂಟೆ ಅದೇ ಮಾತಾಯಿತು, ಚುನಾವಣೆ ಮರೆತೇಹೋಯಿತು.

ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ್ದ ಒಂದಕ್ಕೆ ಯಾರೋ ಪೆನ್ನಿನಿಂದ ಕಪ್ಪು ಕನ್ನಡಕ ಬರೆದರು. ನಾನು ಕೀಳಲು ಹೋದೆ. ಅತ್ತೆ ಬೇಡವೆಂದಳು. "ಅಣ್ಣಯ್ಯ ಹೇಳಿದ್ದು ಹಾಕ್ಕೊಂಡಂಗೂ ಆಯ್ತು. ಇರ್ಲಿ. ಪಕ್ಕದಲ್ಲಿ ಇನ್ನೊಂದು ಅಂಟಿಸು, ಕನ್ನಡಕ ತೆಗೆದಿದ್ದು." ಅಂಟಿಸಿದೆ. ಎರಡೂ ಮತದಾನದ ದಿನದವರೆಗೆ ಪಕ್ಕಪಕ್ಕ ಇದ್ದವು.

ಅತ್ತೆ ಸೋತಳು. ಹೆಚ್ಚು ಅಂತರವೇನಲ್ಲ, ಆದರೂ ಸೋಲು ಸೋಲೇ. ಮುಖದಿಂದ ಸೋತಳೇ, ಹಿಂದಿನ ಮೆಂಬರಿನ ಖರ್ಚಿನಿಂದ ಸೋತಳೇ ಎಂದು ಅಪ್ಪ ಬಹಳ ದಿನ ಲೆಕ್ಕ ಹಾಕಿದರು. ಎರಡು ಕಣ್ಣು ಕೂರಿಸಿದ್ದರೆ ಗೆಲ್ಲುತ್ತಿದ್ದಳು ಎಂದು ಸಂಬಂಧಿಕರಲ್ಲಿ ಕೆಲವರು ನನ್ನೆದುರೇ ಹೇಳಿದರು. ಇರಬಹುದು. ಆಗ ಗೆಲ್ಲುತ್ತಿದ್ದವಳು ಯಾರು ಎಂದು ನಾನು ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ, ನಾನು ವಿವರಿಸಲಿಲ್ಲ.

ಗೋಡೆಯ ಹೆಂಗಸು ಅಲ್ಲೇ ಇದ್ದಾಳೆ. ತರಗತಿಯಲ್ಲಿ ಅವಳ ಫೋಟೊ ತೋರಿಸುವಾಗ ಗತ್ತು, ಘನತೆ ಎಂಬ ಮಾತುಗಳನ್ನು ಬಿಟ್ಟಿದ್ದೇನೆ. ಇದು ಅವಳ ಒಂದು ಕಡೆ, ಇನ್ನೊಂದು ಕಡೆಯನ್ನು ನಮಗೆ ತೋರಿಸಿಲ್ಲ, ಯಾಕೆಂದು ಗೊತ್ತಿಲ್ಲ ಎನ್ನುತ್ತೇನೆ. ವಿದ್ಯಾರ್ಥಿಗಳು ಪರೀಕ್ಷೆಗೆ ಏನು ಬರೆಯಬೇಕೆಂದು ಕೇಳುತ್ತಾರೆ. ಇದನ್ನೇ ಬರೆಯಿರಿ ಎನ್ನುತ್ತೇನೆ.

ಕರಪತ್ರಗಳು ಒಂದು ಕಟ್ಟು ಮಿಕ್ಕಿದ್ದವು. ಹಂಡೆ ಒಲೆಗೆ ಹಾಕೋಣವೇ ಎಂದು ಮಾವ ಕೇಳಿದರಂತೆ. ಅತ್ತೆ ಕೊಡಲಿಲ್ಲ. ಮಳೆ ಶುರುವಾದ ಮೇಲೆ ತಿರುವಿನ ದೀಪ ಮತ್ತೆ ಕೆಟ್ಟಿತು. ಹೊಸ ಮೆಂಬರಿಗೆ ಹೇಳಿದರು, ಆಗಲಿಲ್ಲ. ಆಗ ಅತ್ತೆ ನನ್ನಿಂದ ಒಂದು ಅರ್ಜಿ ಬರೆಸಿ, ಅದಕ್ಕೆ ತನ್ನ ಕರಪತ್ರವನ್ನೂ ಸೇರಿಸಿ ಪಿನ್ನು ಹೊಡೆದು, ಪಂಚಾಯಿತಿಗೆ ಕೊಟ್ಟುಬಂದಳು. ಎರಡನೇ ವಾರ ಇನ್ನೊಂದು, ಮತ್ತೆ ಕರಪತ್ರ. ಮೂರನೇ ಸಲ ನಾನೂ ಜೊತೆಗಿದ್ದೆ. ಮೇಜಿನ ಹಿಂದಿನ ಅಧಿಕಾರಿ ಕಾಗದ ತಿರುಗಿಸಿ ನೋಡಿ, ಸ್ವಲ್ಪ ಮುಜುಗರದಿಂದ ಹೇಳಿದರು:

"ಅಮ್ಮ, ಚುನಾವಣೆ ಮುಗೀತಲ್ಲ. ಅರ್ಜಿಗೆ ಫೋಟೊ ಬೇಕಾಗಿಲ್ಲ."

"ಬೇಕಾಗಿಲ್ಲ ಅಂತ ನಂಗೂ ಗೊತ್ತು ಸಾರ್," ಎಂದಳು ಅತ್ತೆ, ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂರುತ್ತ. "ಯಾರು ಕೇಳ್ತಾವರೆ ಅಂತ ನಿಮಗೆ ಮರೀಬಾರ್ದಲ್ಲ. ಮನೇಲಿ ಇನ್ನೂ ಒಂದು ಕಟ್ಟು ಅದೆ. ದೀಪದ ವಿಷ್ಯ ಹೇಳಿ."